ವೆತೂರಿಯಾ ತನ್ನ ಕೋಳಿಗೂಡಿಗೆ ಗಾಳಿ ಬಿಟ್ಟದ್ದು

ಫೆಬ್ರವರಿಯ ಮೂರನೇ ವಾರದಲ್ಲಿ ವೆತೂರಿಯಾಳ ಹನ್ನೆರಡು ಕೋಳಿಗಳೂ ಮೊಟ್ಟೆ ಇಡುವುದನ್ನು ನಿಲ್ಲಿಸಿಬಿಟ್ಟವು. ಈಸ್ಟರ್‌ಗೆ ಇನ್ನು ಎಂಟೇ ವಾರ. ಜ್ಞಾನಸ್ನಾನದಲ್ಲಿ ಧರ್ಮತಾಯಿಯಾಗಿ ಅವಳು ಎತ್ತಿ ಹಿಡಿದ ಮಕ್ಕಳು ಊರಲ್ಲಿ ಹದಿನಾಲ್ಕು. ಹಬ್ಬದ ದಿನ ಹದಿನಾಲ್ಕು ಜನವೂ ಬಣ್ಣ ಹಾಕಿದ ಕೆಂಪು ಮೊಟ್ಟೆಗೆ ಕೈಚಾಚಿಕೊಂಡು ಬರುತ್ತಾರೆ. ಇಬ್ಬರಿಗೆ ಈಗ ಮೀಸೆ ಬಂದಿದೆ; ಆದರೂ ಬರುತ್ತಾರೆ.

“ಅಂಗಡಿಯಿಂದ ತಂದರಾಯ್ತು ಬಿಡೇ,” ಅಂದ ಗಂಡ ವಲೇರ್.

“ಅಂಗಡಿ ಮೊಟ್ಟೆ ಮೇಲೆ ನಂಬರು ಒತ್ತಿರ್ತಾರೆ ರೀ. ಎಷ್ಟು ಬಣ್ಣ ಹಾಕಿದ್ರೂ ಇಣುಕುತ್ತೆ. ವೆತೂರಿಯಾ ಕೊಂಡ ಮೊಟ್ಟೆ ಹಂಚಿದಳು ಅಂತ ಚರ್ಚಿನ ಮೆಟ್ಟಿಲ ಮೇಲೇ ಶುರುವಾಗುತ್ತೆ. ನಾನು ತಲೆ ಎತ್ತಿ ಓಡಾಡೋದು ಬೇಡ್ವಾ?”

“ಹಾಗಾದ್ರೆ ಕೋಳೀನೇ ಸಾರು ಮಾಡು. ಸುಮ್ನೆ ಕೂತು ತಿನ್ನೋಕೆ ಈ ಮನೇಲಿ ನಾನೊಬ್ಬ ಸಾಕು.”

ಕೋಳಿಗಳನ್ನು ಅವಳು ಕ್ಲುಜ್ ಪೇಟೆಯ ಸಂತೆಯಲ್ಲಿ ರೂಪ ನೋಡಿ ಕೊಂಡಿದ್ದಳು. ಹಾಲಿನಂಥ ಬಿಳುಪು, ಒಂದು ಕಣ್ಣಿನ ಮೇಲೆ ವಾಲಿದ ದೊಡ್ಡ ಕೆಂಪು ಜುಟ್ಟು. ಇಟಲಿ ತಳಿ ಅಂದಿದ್ದ ಮಾರುವವನು. ಇವರ ಊರಿರುವ ಅಪುಸೇನಿ ಬೆಟ್ಟದ ಚಳಿಯ ಬಗ್ಗೆ ಅವನೂ ಹೇಳಲಿಲ್ಲ, ಇವಳೂ ಕೇಳಲಿಲ್ಲ.

ಗೂಡು ವಲೇರನ ಕೈಕೆಲಸ. ಈ ಬೆಟ್ಟದ ಜನ ತೋಳಕ್ಕೂ ಅಷ್ಟು ಹೆದರುವುದಿಲ್ಲ, ಬಿರುಕಿನಿಂದ ನುಗ್ಗುವ ಸಂದಿಗಾಳಿಗೆ ಹೆದರುತ್ತಾರೆ. ಜುಲೈ ತಿಂಗಳ ಬಸ್ಸಿನಲ್ಲಿ ಯಾರಾದರೂ ಕಿಟಕಿ ತೆರೆದರೆ ಹಿಂದಿನ ಸೀಟಿನ ಅಜ್ಜಿಯರು ಶಿಲುಬೆ ಗುರುತು ಹಾಕಿಕೊಳ್ಳುತ್ತಾರೆ. ಹಲ್ಲುನೋವು, ಸೊಂಟನೋವು, ಹಿಂದಿನ ವರ್ಷ ತೀರಿಕೊಂಡ ಚಿಕ್ಕಪ್ಪ, ಎಲ್ಲವೂ ಸಂದಿಗಾಳಿಯ ಕೆಲಸವೇ. ವಲೇರ್ ಗೂಡಿನ ಒಂದೊಂದು ಬಿರುಕಿಗೂ ಹಳೇ ಸ್ವೆಟರಿನ ಚೂರು ತುರುಕಿದ್ದ. ಕೋಳಿಗಳು ಕೂರಲು ಗಟ್ಟಿಮುಟ್ಟಾದ ಕಬ್ಬಿಣದ ಪೈಪು ಹಾಕಿದ್ದ. ಮೊಟ್ಟೆ ಇಡುವ ಪೆಟ್ಟಿಗೆಗಳನ್ನು ಬೆಚ್ಚಗಿರಲಿ ಅಂತ ಸೂರಿಗೆ ತಾಗುವಷ್ಟು ಎತ್ತರದಲ್ಲಿ ಹೊಡೆದಿದ್ದ.

ಹಂದಿಗೆ ಲಸಿಕೆ ಹಾಕಲು ಬಂದ ಪಶು ಆಸ್ಪತ್ರೆಯ ಸವೇತಾ ಒಂದು ಕೋಳಿಯನ್ನು ಎತ್ತಿ ನೋಡಿದಳು. ಜುಟ್ಟಿನ ತುದಿ ಕಪ್ಪಗೆ ಸತ್ತಿತ್ತು.

“ಅಕ್ಕ, ನೀವು ಗೂಡಿನೊಳಗೆ ಹೋಗಿ, ಬಾಗಿಲು ಹಾಕ್ಕೊಂಡು ಐದು ನಿಮಿಷ ಕೂತು ಬನ್ನಿ.”

“ನನಗೇನು ಮೊಟ್ಟೆ ಇಡೋಕೆ ಹೇಳ್ತಿದ್ದೀಯಾ?”

“ಹೋಗಿ ಅಕ್ಕ.”

ಎರಡು ನಿಮಿಷಕ್ಕೇ ವೆತೂರಿಯಾ ಕಣ್ಣು ಮೂಗು ಸುರಿಸುತ್ತ ಹೊರಬಿದ್ದಳು. ತಲೆವಸ್ತ್ರ ಒದ್ದೆ.

“ಮದುವೆ ದಿನಾನೂ ಇಷ್ಟು ಅತ್ತಿರಲಿಲ್ಲ ಇವಳು,” ಅಂದ ವಲೇರ್.

“ಮೇಲಿಂದ ನೀರು ತೊಟ್ಟಿಕ್ಕುತ್ತೆ ಕಣೇ! ಮಳೆ ಇಲ್ಲ, ಏನಿಲ್ಲ!”

“ಅವುಗಳ ಉಸಿರೇ ಅಕ್ಕ ಅದು. ಹೊರಗೆ ಹೋಗೋಕೆ ದಾರಿಯಿಲ್ಲ. ಹಿಕ್ಕೆಯ ಘಾಟೂ ಒಳಗೇ. ಒಣ ಚಳೀನ ಕೋಳಿ ತಡ್ಕೊಳ್ಳುತ್ತೆ, ಮೈತುಂಬ ಪುಕ್ಕ ಇದೆ. ಒದ್ದೆಯಾದ ಜುಟ್ಟು ಮಾತ್ರ ಹೆಪ್ಪುಗಟ್ಟುತ್ತೆ. ಜುಟ್ಟು ದೊಡ್ಡದಾದಷ್ಟೂ ಕಷ್ಟ.”

“ಬಿರುಕು ತೆಗೆದ್ರೆ ಸಂದಿಗಾಳಿ ಹೊಡೆಯಲ್ವಾ?” ಅಂದ ವಲೇರ್.

“ಕೂತ ಕೋಳಿಯ ತಲೆಗಿಂತ ಮೇಲೆ, ಸೂರಿನ ಕೆಳಗೆ ಎರಡೂ ಕಡೆ ಕಿಂಡಿ ಬಿಡಿ, ತಂತಿಬಲೆ ಹೊಡೀರಿ. ಗಾಳಿ ಮೇಲಿಂದಲೇ ಹೋಗುತ್ತೆ, ಕೋಳಿಗೆ ಬಡಿಯಲ್ಲ. ಕೆಳಗಿನ ಬಿರುಕು ಹಾಗೇ ಮುಚ್ಚಿರಲಿ.”

“ನಿನ್ನ ಮನೇಲಿ ನೀನು ಕಿಟಕಿ ತೆಗೆದು ಮಲಗ್ತೀಯೇನು?”

“ನನಗೇನು ಹುಚ್ಚಾ? ಆದ್ರೆ ನಾನು ನನ್ನ ಹಿಕ್ಕೆ ಮೇಲೆ ಮಲಗಲ್ಲವಲ್ಲ ಅಣ್ಣ!”

ವಲೇರ್ ಉಣ್ಣೆ ಟೋಪಿಯನ್ನು ಕಿವಿಯ ಮೇಲೆ ಇನ್ನೊಂದಿಷ್ಟು ಎಳೆದುಕೊಂಡು ಏಣಿ ತರಲು ಹೋದ.

ಚಳಿಗೆ ಕೊರೆಯುವ ಪೈಪು ತೆಗೆದು ನಾಲ್ಕು ಬೆರಳು ಅಗಲದ ಮರದ ಪಟ್ಟಿ ಬಂತು. ಚಪ್ಪಟೆ ಮೈ ಮೇಲಕ್ಕಿದ್ದರೆ ಕೋಳಿ ತನ್ನ ಕಾಲ್ಬೆರಳ ಮೇಲೆ ತಾನೇ ಕೂತು ಅವನ್ನು ಬೆಚ್ಚಗಿಡುತ್ತದಂತೆ. ಒಂದೊಂದಕ್ಕೆ ಒಂದು ಗೇಣಿನ ಜಾಗ. ಎಲ್ಲ ಪಟ್ಟಿಯೂ ಒಂದೇ ಎತ್ತರ, ಇಲ್ಲದಿದ್ದರೆ ಮೇಲಿನದಕ್ಕೆ ದಿನಾ ಜಗಳ. ಪೆಟ್ಟಿಗೆಗಳು ಪಟ್ಟಿಗಿಂತ ಕೆಳಗೆ, ಮಬ್ಬು ಮೂಲೆಗೆ ಇಳಿದವು.

“ಮೇಲಿದ್ದರೆ ಅದರಲ್ಲೇ ಮಲಗಿ ಗಲೀಜು ಮಾಡುತ್ವೆ. ನಾಲ್ಕು ಕೋಳಿಗೆ ಒಂದು ಪೆಟ್ಟಿಗೆ ಸಾಕು. ಕಾಳು, ನೀರು ಮಾತ್ರ ಪಟ್ಟಿಯ ಕೆಳಗೆ ಬೇಡ,” ಅಂದಳು ಸವೇತಾ. ಆಮೇಲೆ ಮೆಲ್ಲಗೆ ಇನ್ನೊಂದು ಮಾತು ತೆಗೆದಳು. “ಜೊತೆಗೆ ಆರು ಬೋಳುಕತ್ತಿನ ಕೋಳಿ ತನ್ನಿ. ನಮ್ಮ ಕಡೆಯದೇ ತಳಿ.”

“ಥೂ, ಅವೇ? ಪುಕ್ಕ ಕೀಳ್ತಾ ಕೀಳ್ತಾ ಅರ್ಧಕ್ಕೆ ಮರೆತು ಬಿಟ್ಟ ಹಾಗಿರುತ್ವೆ!”

“ಮೊಟ್ಟೆ ಮೇಲೆ ತಾಯಿಯ ಫೋಟೋ ಇರಲ್ಲ ಅಕ್ಕ. ನಮ್ಮ ಅತ್ತೆ ಮನೇಲಿ ಈ ಚಳಿಯಲ್ಲೂ ಇಡ್ತಿವೆ, ಬಂದು ನೋಡಿ.”

ವೆತೂರಿಯಾ ಹೋದಳು, ನೋಡಿದಳು. ಆಗತಾನೇ ಮೊಟ್ಟೆಗೆ ಬಂದ ಆರು ಹೇಂಟೆಗಳನ್ನು ತಂದಳು. ರೋಗವೇನಾದರೂ ಇದ್ದರೆ ತಿಳಿಯಲಿ ಅಂತ ಮೂರು ವಾರ ಸೌದೆ ಕೊಟ್ಟಿಗೆಯಲ್ಲಿ ಬೇರೆಯಾಗಿ ಇಟ್ಟಳು. ಮೊದಲ ದಿನ ಮುಖ ತಿರುಗಿಸಿಕೊಂಡೇ ಕಾಳು ಹಾಕಿದಳು. ನಾಲ್ಕನೇ ದಿನ ಬಿಸಿ ಮೊಟ್ಟೆ ಕೈಗೆ ಬಂದಾಗ, “ಏನೇ ಚೆಲುವೆ,” ಅಂದಳು.

ಮಾರ್ಚ್ ಕಳೆಯುವಷ್ಟರಲ್ಲಿ ಗೂಡಿನ ನೆಲದ ಹುಲ್ಲು ಗರಿಗರಿ ಒಣಗಿತ್ತು. ಹಗಲೂ ಉದ್ದವಾಯಿತು, ಬಿಳಿ ಕೋಳಿಗಳೂ ಒಂದೊಂದಾಗಿ ಮತ್ತೆ ಇಡತೊಡಗಿದವು. ಹಬ್ಬದ ಹಿಂದಿನ ಗುರುವಾರ ಕೆಂಪು ಬಣ್ಣ ಹಿಡಿಯಲೆಂದು ಈರುಳ್ಳಿ ಸಿಪ್ಪೆಯ ನೀರಿನಲ್ಲಿ ಕುದಿಯಲು ಅವಳ ಮನೆಯ ಮೊಟ್ಟೆಗಳೇ ದೊಡ್ಡ ಪಾತ್ರೆ ತುಂಬ ಇದ್ದವು. ಹದಿನಾಲ್ಕೂ ಮಕ್ಕಳಿಗೆ ಎರಡೆರಡು ಹೋದವು, ಮೀಸೆಯವರಿಗೂ.

ಅಕ್ಕಂದಿರೇ, ಅಣ್ಣಂದಿರೇ, ಕೋಳಿ ಕೊಳ್ಳುವ ಮುಂಚೆ ಅದರ ಚೆಂದ ನೋಡಿ ಮರುಳಾಗಬೇಡಿ. ನಿಮ್ಮೂರಿನ ಚಳಿ, ಬಿಸಿಲು, ಮಳೆ ದಾಟಿಯೂ ಮೊಟ್ಟೆ ಇಡುತ್ತಿರುವ ಕೋಳಿ ಯಾರ ಹಿತ್ತಿಲಲ್ಲಿದೆ ಅಂತ ಕೇಳಿಕೊಂಡು ಹೋಗಿ. ಅದು ಕೂರುವ ಪಟ್ಟಿ, ಇಡುವ ಪೆಟ್ಟಿಗೆ, ಉಸಿರಾಡುವ ಕಿಂಡಿ ಸರಿಯಾಗಿವೆಯೇ ಅಂತ ಇವತ್ತೇ ನೋಡಿ. ಕೋಳಿ ಬಂದು ನಿಮ್ಮ ಬಾಗಿಲು ತಟ್ಟಿ ದೂರು ಹೇಳುವುದಿಲ್ಲ. ಮೊಟ್ಟೆ ನಿಲ್ಲಿಸುತ್ತದೆ. ಅದಕ್ಕೆ ಗೊತ್ತಿರುವ ಅರ್ಜಿ ಅದೊಂದೇ.