ಬಿಸಿಗಾಳಿ

ಯಾಕೂಬ್ ಸ್ವಿಚ್ಚನ್ನು ಮತ್ತೊಮ್ಮೆ ಒತ್ತಿದ. ಪಿಕಪ್ ಗಾಡಿಯ ಹೀಟರಿನ ಫ್ಯಾನು ಗೊಣಗಿತೇ ಹೊರತು ತಿರುಗಲಿಲ್ಲ. ಹೊರಗೆ ಮಂಜು ಕವಿದಿತ್ತು. ಬಾಳ್ಳುಪೇಟೆಯೇ ಇನ್ನೂ ದೂರ, ಅವರು ಹೊರಟಿದ್ದ ಹಾಸನದ ಆಸ್ಪತ್ರೆ ಅದಕ್ಕೂ ಆಚೆ. ಪಕ್ಕದಲ್ಲಿ ಕೂತಿದ್ದ ಎಸ್ಟೇಟಿನ ಯಜಮಾನಿ ರಾಜಲಕ್ಷ್ಮಮ್ಮನವರ ಮಡಿಲಲ್ಲಿ ಮಗಳ ಕೂಸಿತ್ತು. ತಿಂಗಳು ತುಂಬುವ ಮೊದಲೇ ಹುಟ್ಟಿದ್ದ ಅದು ಬೆಳಗಿನಿಂದ ಅಳುವುದನ್ನೇ ಬಿಟ್ಟಿತ್ತು. ದಾರಿಯುದ್ದಕ್ಕೂ ಬೆಚ್ಚಗಿಟ್ಟರೆ ಉಳಿದೀತು ಎಂದಿದ್ದರು ಸಕಲೇಶಪುರದ ಡಾಕ್ಟರು. ಜೊತೆಗೆ ತಂದಿದ್ದ ಬಿಸಿನೀರಿನ ಸೀಸೆ ಆಗಲೇ ತಣ್ಣಗಾಗಿತ್ತು.

"ಕಾಲು ತಣ್ಣಗಾಯ್ತಾ ಐತೆ ಕಣೋ," ಎಂದರು ಅವರು.

ಯಾಕೂಬ್ ಇಂಜಿನ್ ಆರಿಸದೆ ಪಿಕಪ್ಪನ್ನು ರಸ್ತೆಯಂಚಿಗೆ ನಿಲ್ಲಿಸಿ ಡ್ಯಾಶ್‌ಬೋರ್ಡಿನಡಿಗೆ ತಲೆ ತೂರಿಸಿದ. ಫ್ಯೂಸು ಸರಿಯಿತ್ತು, ವೈರೂ ಸರಿಯಿತ್ತು. ಇಂಜಿನ್ನಿನಿಂದ ಹೀಟರಿಗೆ ಬರುವ ಬಿಸಿನೀರಿನ ಕೊಳವೆ ಕೈ ಸುಡುತ್ತಿತ್ತು. ಒಲೆ ಉರಿಯುತ್ತಿದೆ, ಊದುವವರಿಲ್ಲ ಎಂಬಂತಾಗಿತ್ತು ಕಥೆ. ತಗಡಿನ ಮುಚ್ಚಳ ಬಿಚ್ಚಿದರೆ ಒಳಗೆಲ್ಲ ಒಣಗಿದ ಚೆಂಡುಹೂವು. ಹೂವು ಕಟ್ಟಿದ್ದ ಬಾಳೆನಾರು ಫ್ಯಾನಿನ ಬುಡಕ್ಕೆ ಸುತ್ತಿಕೊಂಡು ಬಿಗಿದಿತ್ತು.

ಆಯುಧಪೂಜೆಯ ದಿನ ರಾಜಲಕ್ಷ್ಮಮ್ಮನವರ ಕೈಗೆ ಸಿಕ್ಕಿದ ಯಾವ ವಸ್ತುವಿಗೂ ಹೂವಿಲ್ಲದೆ ಬಿಡುಗಡೆಯಿರಲಿಲ್ಲ. ಬಿಳಿಯ ತೋಟದ ದೊರೆಯಿಂದ ಕೊಂಡ ಈ ಗಾಡಿಯ ಸಂದುಸಂದಿಗೂ ಅವರೇ ಮಾಲೆ ತುರುಕಿದ್ದರು. ನೋಡುತ್ತ ನಿಂತಿದ್ದ ಯಾಕೂಬನಿಗೆ ದೇವರ ಹೂವಿಗೆ ಬೇಡವೆನ್ನಲು ಅಂದು ಬಾಯಿ ಬರಲಿಲ್ಲ. ಈಗ ಬೆರಳಿಗಂಟಿದ ಎಸಳನ್ನು ಅವರಿಗೆ ತೋರಿಸಿದ. ಅವರ ಮುಖ ಬಿಳಚಿಕೊಂಡಿತು.

"ನನ್ ಬೆರಳು ಹೋಗಾಕಿಲ್ಲ ಅಮ್ಮಾವ್ರೆ. ನಿಮ್ದು ಹೋಯ್ತದೆ."

ಅವರು ಕೈ ಹಾಕಬೇಕೆಂದರೆ ಕೂಸನ್ನು ಯಾರಾದರೂ ಹಿಡಿಯಬೇಕು. ಮನೆಯವರನ್ನು ಬಿಟ್ಟು ಯಾರೂ ಮುಟ್ಟಕೂಡದೆಂದು, ಆಳುಗಳನ್ನು ಹೊಸಿಲಾಚೆಯೇ ನಿಲ್ಲಿಸಿದ್ದ ಹೆಂಗಸು ಅವರು. ಯಾಕೂಬ್ ತಾನಾಗಿ ಕೈ ಚಾಚಲಿಲ್ಲ.

"ಹಿಡ್ಕೊ," ಎಂದರು.

ಅವನು ಉಣ್ಣೆಯ ಕೋಟಿನ ಗುಂಡಿ ಬಿಚ್ಚಿ ಕೂಸನ್ನು ಎದೆಗಿಟ್ಟುಕೊಂಡ. ತನ್ನ ಮಕ್ಕಳನ್ನು ಎತ್ತುವಾಗಲೂ ಅವನಿಗೆ ಇಷ್ಟು ಭಯವಾಗಿರಲಿಲ್ಲ. ರಾಜಲಕ್ಷ್ಮಮ್ಮ ಮಂಡಿಯೂರಿ ಒಳಗೆ ಕೈ ತೂರಿದರು. ತಗಡಿನ ಅಂಚು ಮುಂಗೈ ಕೊಯ್ದರೂ ಉಗುರಿನಿಂದ ನಾರನ್ನು ಎಳೆಎಳೆಯಾಗಿ ಕೀಳುತ್ತಲೇ ಇದ್ದರು. ಯಾವ ಕಡೆಗೆ ಎಳೆಯಬೇಕೆಂದು ಅವನು ಹೇಳುತ್ತಿದ್ದ.

"ಉಸ್ರಾಡ್ತೈತಾ?" ಎಂದರು, ತಿರುಗಿ ನೋಡದೆ.

"ಆಡ್ತೈತೆ," ಎಂದ. ಅವನಿಗೆ ಖಾತ್ರಿಯಿರಲಿಲ್ಲ.

ಕೊನೆಗೆ ನಾರು ಉದ್ದಕ್ಕೆ ಬಿಚ್ಚಿಕೊಂಡು ಬಂತು. ಯಾಕೂಬ್ ಒಂದು ಕೈ ಚಾಚಿ ಸ್ವಿಚ್ಚು ಒತ್ತಿದ. ಫ್ಯಾನು ತಡವರಿಸಿ ತಿರುಗಿತು. ಧೂಳಿನ ಜೊತೆಗೆ ಬಿಸಿಗಾಳಿ ನುಗ್ಗಿತು. ಆ ಸದ್ದಿಗೋ ಏನೋ, ಕೋಟಿನೊಳಗೆ ಕೂಸು ಕಾಲು ಜಾಡಿಸಿ ಕ್ಷೀಣವಾಗಿ ಅತ್ತಿತು. ರಾಜಲಕ್ಷ್ಮಮ್ಮ ಸೆರಗು ಕಚ್ಚಿಕೊಂಡು ತಾವೂ ಅತ್ತರು.

ಯಾಕೂಬ್ ಕೋಟನ್ನು ಕಳಚಿ ಕೂಸನ್ನು ಅದರಲ್ಲೇ ಸುತ್ತಿ ಕೊಟ್ಟ. ಅವರು ಕೋಟಿನ ಸಮೇತ ತೆಗೆದುಕೊಂಡು ಮಡಿಲಲ್ಲಿಟ್ಟುಕೊಂಡರು. ಗಾಡಿ ಹೊರಟಿತು.

ಬಾಳ್ಳುಪೇಟೆ ದಾಟಿದ ಮೇಲೂ ಮಂಜು ಸರಿದಿರಲಿಲ್ಲ. ಬರಿಯ ಅಂಗಿಯಲ್ಲಿದ್ದ ಯಾಕೂಬ್ ಚಳಿಗೆ ಒಂದೊಂದೇ ಕೈಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಗಾಡಿ ಓಡಿಸುತ್ತಿದ್ದ. ರಾಜಲಕ್ಷ್ಮಮ್ಮ ರಕ್ತ ಒಣಗಿದ ಕೈಯನ್ನು ಮುಂದಕ್ಕೆ ಚಾಚಿ, ಹೀಟರಿನ ಗಾಳಿ ಬರುವ ಬಾಯಿಯ ತಗಡನ್ನು ತುಸು ಅವನ ಕಡೆಗೆ ತಿರುಗಿಸಿದರು.