ಯಜಮಾನರು ಇದ್ದಾರಾ?

ಪುರೋಹಿತರು ಕೇಳಿದ್ದೇನೂ ದೊಡ್ಡ ಪ್ರಶ್ನೆಯಲ್ಲ. ವಾರವೆಲ್ಲ ಬ್ಯಾಂಕಿನಲ್ಲಿ ಕಂಪ್ಯೂಟರ್ ನೋಡಿಕೊಂಡು ಶನಿವಾರ ಪಂಚೆ ಉಡುವ ವಾಸುದೇವ್, ನಾಳಿನ ಅಂತ್ಯಕ್ರಿಯೆಯ ಸಿದ್ಧತೆಯೆಲ್ಲ ಸ್ಪೀಕರ್ ಫೋನಿನಲ್ಲಿ ಹೇಳಿ ಮುಗಿಸಿ, "ಅಂದ ಹಾಗೆ, ಅಮ್ಮನೋರ ಯಜಮಾನ್ರು ಇದಾರಾ? ಮುತ್ತೈದೆ ಆದ್ರೆ ವಿಧಾನ ಬೇರೆ ಆಗತ್ತೆ, ಅದಕ್ಕೆ ಕೇಳ್ದೆ" ಎಂದರು.

ಮೌಂಟ್ ಆಲ್ಬರ್ಟಿನ ಫ್ಯೂನರಲ್ ಹೋಮಿನ ಕೋಣೆಯಲ್ಲಿ ಅಮ್ಮನನ್ನು ಮಲಗಿಸಿದ್ದರು. ಅಕ್ಕ ಪ್ರಭಾ ಸೀರೆಯ ನೆರಿಗೆ ಹಿಡಿದಿದ್ದಳು, ತಂಗಿ ಯಾಮಿನಿ ಕೈಯಲ್ಲಿ ಹಸಿರು ಬಳೆ. "ಇದಾರೆ" ಎನ್ನಲು ಯಾಮಿನಿ ಬಾಯಿ ತೆರೆಯುವಷ್ಟರಲ್ಲಿ ಪ್ರಭಾ, "ಇಲ್ಲ. ಎಪ್ಪತ್ತೆರಡನೇ ಇಸವೀಲೇ ಹೋದ್ರು" ಎಂದು ಫೋನ್ ಇಟ್ಟುಬಿಟ್ಟಳು.



ಅಪ್ಪ ಕಂಪಾಲದ ಶಾಲೆಯಲ್ಲಿ ಗಣಿತ ಕಲಿಸುತ್ತಿದ್ದವರು. ದೇಶವನ್ನು ಮುಷ್ಟಿಯಲ್ಲಿ ಹಿಡಿದಿದ್ದ ಸರ್ವಾಧಿಕಾರಿ, ಏಷ್ಯಾದವರೆಲ್ಲ ಮೂರು ತಿಂಗಳಲ್ಲಿ ಜಾಗ ಖಾಲಿ ಮಾಡಿ ಎಂದ ವರ್ಷವದು. ಸೈನಿಕರು ಮನೆಗೆ ಬಂದು ಅಪ್ಪನನ್ನು ಎಳೆದುಕೊಂಡು ಹೋದರು. ಅಮ್ಮ ಇಬ್ಬರು ಹೆಣ್ಣುಮಕ್ಕಳನ್ನು ಕಟ್ಟಿಕೊಂಡು ಈ ದೇಶಕ್ಕೆ ಬಂದಳು. "ಜೈಲಲ್ಲಿದಾರೆ, ಬಿಟ್ಟ ತಕ್ಷಣ ಬರ್ತಾರೆ" ಎನ್ನುತ್ತಿದ್ದಳು, ದಿನಾ ಬೆಳಿಗ್ಗೆ ಕಾಸಗಲ ಕುಂಕುಮ ಇಟ್ಟುಕೊಳ್ಳುತ್ತಿದ್ದಳು. ಅಪ್ಪ ಬಂದು ಧಾರೆ ಎರೆಯಲಿ ಎಂದು ಯಾಮಿನಿ ಬಂದ ಸಂಬಂಧಗಳನ್ನೆಲ್ಲ ಮುಂದಕ್ಕೆ ಹಾಕಿದಳು. ಹಾಕಿ ಹಾಕಿ ಸಂಬಂಧಗಳು ಬರುವುದೇ ನಿಂತಿತು. ತೊಂಬತ್ತು ದಾಟಿದ ಮುದುಕ ಇನ್ನೆಲ್ಲಿ ಬರುತ್ತಾನೆ ಎಂದು ಬುದ್ಧಿಗೆ ಗೊತ್ತು. ಅಮ್ಮನ ಹಣೆ ನೋಡಿದ ಮೇಲೆ ಬುದ್ಧಿಯ ಮಾತು ಯಾರು ಕೇಳುತ್ತಾರೆ?

"ಪುರೋಹಿತ್ರ ಹತ್ರ ಯಾಕೆ ಸುಳ್ಳು ಹೇಳ್ದೆ?"

"ಸುಳ್ಳಲ್ಲ ಕಣೇ ಯಾಮಿ. ಕರ್ಕೊಂಡು ಹೋದ ಮೂರನೇ ದಿನಾನೇ ಊರಾಚೆ ಕಾಡಿನ ಅಂಚಲ್ಲಿ ಸಿಕ್ಕಿದ್ರು. ನಾನೂ ಅಮ್ಮಾನೂ ಹೋಗಿದ್ವಿ. ಗುರುತು ಹಿಡಿಯೋಕೆ ಜನಿವಾರ ಒಂದೇ ಉಳಿದಿತ್ತು."

ಹೆಂಗಸರ ಬಾಯಲ್ಲಿ ಗುಟ್ಟು ನಿಲ್ಲುವುದಿಲ್ಲ ಎನ್ನುತ್ತಾರಲ್ಲ, ಹಾಗೆಂದ ಮಹಾನುಭಾವನನ್ನು ಈ ತಾಯಿ ಮಗಳ ಮುಂದೆ ತಂದು ನಿಲ್ಲಿಸಬೇಕಿತ್ತು!

"ಅಮ್ಮಂಗೂ ಗೊತ್ತಿತ್ತಾ! ಐವತ್ತು ವರ್ಷ ಕಣೇ! ನನ್ನ ಮದುವೆ, ನನ್ನ ಸಂಸಾರ, ಎಲ್ಲಾ ನುಂಗಿ ನೀರು ಕುಡಿದ್ರಲ್ಲೇ ಇಬ್ಬರೂ!"

"ಬಯ್ಯಿ, ಎಷ್ಟು ಬೇಕಾದ್ರೂ ಬಯ್ಯಿ. ನಾಳೆ ಹೆಂಗಸರೆಲ್ಲ ಬಂದು ಅಮ್ಮನ ಕಾಲು ಮುಟ್ಟಿ, ನಿಮ್ಮ ಹಾಗೇ ಮುತ್ತೈದೆ ಸಾವು ಬರ್ಲಿ ಅಂತ ಬೇಡ್ಕೋತಾರೆ. ಅದನ್ನ ನೋಡ್ತಾ ನಿಂತ್ಕೊಳ್ಳೋಕೆ ನನ್ನ ಕೈಲಿ ಆಗಲ್ಲ."

"ನನಗೊಬ್ಬಳಿಗೆ ಯಾಕೆ ಹೇಳ್ಲಿಲ್ಲ? ನಾನೇನು ಮಾಡಿದ್ದೆ?"

ಪ್ರಭಾ ತಂಗಿಯ ಮುಖ ನೋಡಲಿಲ್ಲ. "ಅವತ್ತು ಬಾಗಿಲು ತೆಗೆದಿದ್ದು ನೀನಲ್ವಾ?"

ಹೌದು, ಯಾಮಿನಿಯೇ. ಆಗ ಎಂಟು ವರ್ಷ. ಮನೆಗೆ ಬಂದವರಿಗೆ ಮೊದಲು ಬೆಲ್ಲ ನೀರು ಕೊಡಬೇಕು ಎಂದು ಅಮ್ಮ ಕಲಿಸಿದ್ದಳು. ಬಂದೂಕು ಹಿಡಿದು ಬಂದರೇನು, ಬಂದವರು ಬಂದವರೇ. "ಅಪ್ಪ ಒಳಗೆ ಸ್ನಾನ ಮಾಡ್ತಿದಾರೆ, ಕೂತ್ಕೊಳ್ಳಿ" ಎಂದು ಅವರ ಭಾಷೆಯಲ್ಲೇ ಹೇಳಿ ಲೋಟ ಕೊಟ್ಟಿದ್ದಳು. ಯಜಮಾನರು ಊರಲ್ಲಿಲ್ಲ ಎನ್ನಲು ಅಮ್ಮ ಅಡುಗೆಮನೆಯಿಂದ ಓಡಿ ಬರುವಷ್ಟರಲ್ಲಿ ಅವರು ಒಳಗೆ ನುಗ್ಗಿಯಾಗಿತ್ತು. ತಾನು ಅಷ್ಟು ಚೆನ್ನಾಗಿ ಉಪಚಾರ ಮಾಡಿದ್ದಕ್ಕಾದರೂ ಅಪ್ಪನನ್ನು ಬೇಗ ಬಿಡುತ್ತಾರೆ ಎಂದೇ ಆ ಮಗು ನಂಬಿತ್ತು. ಅದನ್ನು ಅಮ್ಮನಿಗೆ ಎಷ್ಟು ಸಲ ಹೇಳಿತ್ತೋ!

"ಮಗೂಗೆ ಗೊತ್ತಾದ್ರೆ ಅದು ಉಳಿಯಲ್ಲ ಅಂದ್ಲು ಅಮ್ಮ," ಪ್ರಭಾ ಬಿಕ್ಕಿದಳು. "ಮೈಸೂರಿಗೆ ಹೋಗಿದ್ರೆ ಅಜ್ಜಿ ಅವತ್ತೇ ಕುಂಕುಮ ಅಳಿಸ್ತಿದ್ರು, ನಿಂಗೆ ತಿಳಿದುಬಿಡ್ತಿತ್ತು. ಅದಕ್ಕೇ ಆಗ ನಮ್ಮೋರು ಅನ್ನೋರು ಒಬ್ಬರೂ ಇಲ್ಲದಿದ್ದ ಈ ದೇಶ ಹುಡುಕಿದ್ಲು. ಆ ಕುಂಕುಮ ನಿನಗೋಸ್ಕರ ಇಟ್ಕೊಂಡಿದ್ದು ಕಣೇ."

ಯಾಮಿನಿಗೆ ಈಗ ತಿಳಿಯಿತು. ಅಪ್ಪನನ್ನು ಕೊಂದದ್ದು ತನ್ನ ಒಂದು ಲೋಟ ನೀರು! ಅಷ್ಟು ದೊಡ್ಡದನ್ನು ಹೊಟ್ಟೆಯಲ್ಲಿಟ್ಟುಕೊಂಡು ಅಮ್ಮ ಇವಳಿಗೆ ತಲೆ ಬಾಚಿದ್ದಳು, ಅನ್ನ ಕಲಸಿ ಹಾಕಿದ್ದಳು, ಒಂದು ದಿನವೂ ಒಂದು ಬಿರುಸು ಮಾತು ಆಡಿರಲಿಲ್ಲ. ಅವಳು ಅಮ್ಮನ ಬೋಳು ಹಣೆಯನ್ನು ತುಂಬಾ ಹೊತ್ತು ನೋಡಿದಳು.

"ಅಕ್ಕ, ಅಮ್ಮ ಯಾವತ್ತು ಹೋದ್ಲು?"

"ಇದೆಂಥಾ ಪ್ರಶ್ನೆ? ನಿನ್ನೆ."

"ನನ್ನ ಅಪ್ಪ ಇವತ್ತು ಹೋದ್ರು. ಈಗ. ಈ ರೂಮಲ್ಲಿ." ಅವಳು ಕುಂಕುಮದ ಬಟ್ಟಲು ಎತ್ತಿಕೊಂಡಳು. "ಅಂದ್ಮೇಲೆ ಅಮ್ಮ ಮುತ್ತೈದೆಯಾಗೇ ಹೋದ್ಲು. ಪುರೋಹಿತ್ರಿಗೆ ಫೋನ್ ಮಾಡಿ ಹಾಗಂತ ಹೇಳು."

ಪ್ರಭಾ ಫೋನ್ ಎತ್ತಿಕೊಂಡಳು. ಯಾಮಿನಿ ಅಮ್ಮನ ಹಣೆಗೆ ಕುಂಕುಮ ಇಟ್ಟಳು, ಬಳೆ ತೊಡಿಸಿದಳು. ಆಮೇಲೆ ನೆಲದ ಮೇಲೆ ಕುಸಿದು, ಅಪ್ಪನಿಗಾಗಿ ಮೊದಲ ಸಲ ಗಟ್ಟಿಯಾಗಿ ಅತ್ತಳು.