ಬಲಗಡೆಯ ಬಾಗಿಲು

ಎಸ್ಕಿಲ್ ಬ್ರೆಡ್ ಕೇಕಿನ ಮೂರನೆಯ ಪದರಕ್ಕೆ ಬೆಣ್ಣೆ ಸವರುತ್ತಿದ್ದ. ಅಂಚು ಕತ್ತರಿಸಿದ ಬ್ರೆಡ್ಡಿನ ಉದ್ದನೆಯ ಹಾಳೆಗಳು ಅಡುಗೆಮನೆಯ ಮೇಜಿನ ತುಂಬ ಹರಡಿದ್ದವು. ಬೆಣ್ಣೆ ಮೂಲೆಮೂಲೆಗೂ ಮುಟ್ಟಬೇಕು. ಇಲ್ಲದಿದ್ದರೆ ಮೇಲಿನ ಸೀಗಡಿಯ ನೀರು ಇಳಿದು ಬ್ರೆಡ್ಡು ಮುದ್ದೆಯಾಗುತ್ತದೆ. ಜೀವನದುದ್ದಕ್ಕೂ ಬೇಕರಿಯಲ್ಲಿ ದುಡಿದ ಕೈಗೆ ಅದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ.

"ಇವತ್ತೊಂದು ದಿನನಾದ್ರೂ ಸುಮ್ನೆ ಕೂತ್ಕೋಬಾರ್ದಾ?" ಎಂದಳು ಇರ್ಮಾ. ಅವಳು ತೀರಿಹೋದ ಮಾಯ್‌ವೋರಳ ಅಕ್ಕ. ಮೊಟ್ಟೆ ಸುಲಿಯುತ್ತಿದ್ದಳು. "ಹೆಂಡ್ತೀನ ಕಳ್ಕೊಂಡೋನು ಬಂದೋರಿಗೆಲ್ಲ ತಾನೇ ಕೇಕ್ ಕಟ್ಟೋದನ್ನ ನಾನೆಲ್ಲೂ ಕಂಡಿಲ್ಲ."

"ಅಂಗಡೀದು ತಂದಿದ್ರೆ ಅವಳು ಬೈತಿದ್ಲು."

"ಅವಳು ಯಾವ್ದಕ್ಕೆ ಬೈತಿರ್ಲಿಲ್ಲ ಹೇಳು."

ಮಾಯ್‌ವೋರಳ ಗೆಳೆಯ ತೂರೆ ಯಾವಾಗ ಒಳಗೆ ಬಂದನೋ ಇಬ್ಬರಿಗೂ ತಿಳಿಯಲಿಲ್ಲ. ಕಪ್ಪು ಪ್ಯಾಂಟಿನ ಮೇಲೆ ಅವರ ಕಾರು ತಂಡದ ಹಳೆಯ ಜೀನ್ಸ್ ಜಾಕೆಟ್ಟು ತೊಟ್ಟು ಬಂದಿದ್ದ. ಅದರ ಗುಂಡಿಗಳು ಅವನ ಹೊಟ್ಟೆಯ ಮೇಲೆ ಕೂಡದೆ ಎಷ್ಟೋ ವರ್ಷಗಳಾಗಿದ್ದವು.

"ಶಬ್ದಾನೇ ಇಲ್ವಲ್ಲೋ?" ಎಂದಳು ಇರ್ಮಾ.

"ನನ್ನ ಹೆಂಡ್ತಿ ಕರೆಂಟ್ ಗಾಡೀಲಿ ಬಂದೆ. ನಗಬೇಡ." ತೂರೆ ಕುರ್ಚಿ ಎಳೆದುಕೊಂಡವನು ಕೂರಲಿಲ್ಲ. "ಎಸ್ಕಿಲ್, ಹುಡುಗರೆಲ್ಲ ಸೇರಿ ಮಾತಾಡಿದ್ವಿ. ದೊಡ್ಡ ಗಾಡಿ ಒಂದೂ ಬರಲ್ಲ. ಇನ್ನೂ ಮಾರ್ಚ್ ತಿಂಗಳು, ರಸ್ತೆ ತುಂಬ ಉಪ್ಪು. ನಮಗೂ ಸಂಕಟಾನೇ. ಆದ್ರೆ ಅದು ಅವಳದೇ ಕಾನೂನು ತಾನೇ?"

ಹುಡುಗರೆಂದರೆ ಎಲ್ಲರೂ ಎಪ್ಪತ್ತರ ಆಸುಪಾಸಿನವರು. ದೊಡ್ಡ ಗಾಡಿಗಳೆಂದರೆ ಅವರು ಕೊಟ್ಟಿಗೆಗಳಲ್ಲಿ ಹೊದಿಕೆ ಹೊದಿಸಿ ಮಲಗಿಸಿಟ್ಟಿದ್ದ ಅಮೆರಿಕದ ಹಳೆಯ ಕಾರುಗಳು: ಹಡಗಿನಷ್ಟು ಉದ್ದ, ಬಾನೆಟ್ ಎತ್ತಿದರೆ ಒಂದು ಕರುವಿನಷ್ಟು ದೊಡ್ಡ ಇಂಜಿನ್ನು. ಮಂಜುಗಡ್ಡೆ ಕಟ್ಟದಿರಲೆಂದು ಚಳಿಗಾಲವಿಡೀ ರಸ್ತೆಗೆ ಸುರಿಯುವ ಉಪ್ಪು ಅವುಗಳ ಹೊಟ್ಟೆಯನ್ನು ತಿಂದುಹಾಕುತ್ತದೆ. ಹಿಮ ಕರಗಿದ ಮೇಲೆ ಮೂರು ದೊಡ್ಡ ಮಳೆ ಬಿದ್ದು ರಸ್ತೆ ತೊಳೆಯುವ ತನಕ ಒಂದು ಗಾಡಿಯೂ ಹೊರಗೆ ಬರಕೂಡದೆಂದು ಮಾಯ್‌ವೋರ್ ಕಟ್ಟಳೆ ಮಾಡಿದ್ದಳು. ಒಂದು ವಸಂತದಲ್ಲಿ ತೂರೆ ಎರಡೇ ಮಳೆಗೆ ತನ್ನ ಡಾಡ್ಜ್ ಗಾಡಿ ಇಳಿಸಿದ್ದಕ್ಕೆ, ನಡುಬೇಸಿಗೆಯ ಹಬ್ಬದವರೆಗೂ ಅವನ ಜೊತೆ ಮಾತು ಬಿಟ್ಟಿದ್ದಳು.

ಎಸ್ಕಿಲ್ ಚಾಕುವನ್ನು ಬಟ್ಟೆಗೆ ಒರೆಸಿದ. "ನಂಗೆ ಲೈಸೆನ್ಸ್ ಇಲ್ಲ, ತೂರೆ."

"ಗೊತ್ತು. ಇಡೀ ಬ್ಯೂರ್ನೆಸ್ ಊರಿಗೇ ಗೊತ್ತು."

"ಅವಳ ಪಾಂಟಿಯಾಕನ್ನ ನೀನು ಓಡಿಸ್ಬೇಕು. ಚರ್ಚಲ್ಲಿ ಮುಗಿದ ಮೇಲೆ ಅವಳನ್ನ ಪಟ್ಟಣದ ಚಿತಾಗಾರಕ್ಕೆ ಒಯ್ತಾರೆ. ನಾವೆಲ್ಲ ಇಲ್ಲೇ ಕೂತು ಕೇಕ್ ತಿಂತೀವಿ. ಅದೇ ರೂಢಿ, ಗೊತ್ತು. ಆದ್ರೆ ಸಂಸಾರ ಮಾಡಿದಾಗಿಂದ, ಬಸ್ ಡ್ಯೂಟಿ ಬಿಟ್ರೆ, ಅವಳು ಆ ರಸ್ತೇಲಿ ಒಬ್ಳೇ ಹೋಗಿಲ್ಲ. ಬಲಗಡೆ ಸೀಟಲ್ಲಿ ನಾನಿರ್ತಿದ್ದೆ. ಇವತ್ತೂ ಇರ್ಬೇಕು."

"ಪೆಟ್ಟಿಗೆಯಿಂದ ಎದ್ದು ಬಂದು ನನ್ನ ಕಿವಿ ಹಿಂಡ್ತಾಳೆ ಕಣೋ! ಅದೂ ಅಲ್ದೆ ಅದು ಚಳಿಗಾಲಕ್ಕೆ ಅಂತ ನಿಲ್ಲಿಸಿರೋ ಗಾಡಿ. ವಿಮೆ ಇಲ್ಲ."

"ಸೋಮವಾರಾನೇ ಫೋನ್ ಮಾಡಿ ಮಾಡಿಸಿದೀನಿ."

"ಬ್ಯಾಟರಿ?"

"ನಿನ್ನೆಯಿಂದ ಚಾರ್ಜಿಗೆ ಹಾಕಿದೀನಿ."

ಇರ್ಮಾಳ ಕೈಯ ಮೊಟ್ಟೆ ಜಾರಿತು. "ನೀನಾ? ಬಾನೆಟ್ ಎತ್ತಿದೋನಾ?"

"ಕೆಂಪಿಗೆ ಕೆಂಪು, ಕರಿಗೆ ಕರಿ. ಕೇಕ್ ಕಟ್ಟೋದಕ್ಕಿಂತ ಸುಲಭ."

ತೂರೆ ಕಿಟಕಿಯಾಚೆ ಕೊಟ್ಟಿಗೆಯ ಕಡೆ ನೋಡಿದ, ನೆಲ ನೋಡಿದ. "ಬೇರೆ ಏನಾದ್ರೂ ಕೇಳು, ಎಸ್ಕಿಲ್. ಅವಳ ಗಾಡೀನ ಉಪ್ಪಿಗಿಳಿಸಿದ ಕೈ ಅಂತ ನನ್ನ ಕೈಗೆ ಹೆಸರು ಬರೋದು ಬೇಡ."

ಅವನು ಹೋದ ಸದ್ದೂ ಕೇಳಿಸಲಿಲ್ಲ. ಎಸ್ಕಿಲ್ ನಾಲ್ಕನೆಯ ಪದರವನ್ನು ಎಳೆದುಕೊಂಡ.

*

ಆ ಪಾಂಟಿಯಾಕ್ ಬಂದದ್ದು ಹನ್ನೆರಡು ವರ್ಷಗಳ ಹಿಂದೆ. ಮಾಯ್‌ವೋರ್ ಶಾಲಾ ಬಸ್ಸು ಓಡಿಸುವ ಕೆಲಸದಿಂದ ಆಗಷ್ಟೇ ನಿವೃತ್ತಳಾಗಿದ್ದಳು. ಗೋಥೆನ್‌ಬರ್ಗ್ ಬಂದರಿನಿಂದ ಲಾರಿಯ ಮೇಲೆ ಬಂದ ಗಾಡಿ ಅಂಗಳಕ್ಕೆ ಇಳಿದಾಗ ಸೀಟಿನೊಳಗಿಂದ ಒಣಗಿದ ಇಲಿಗೂಡು ಉದುರಿತು. ಅರವತ್ತೆಂಟನೇ ಇಸವಿಯದು, ಹಸಿರು. ಅವಳು ಅದರ ಸುತ್ತ ಒಂದು ಬಾರಿ ನಡೆದು, ಕುದುರೆಯ ಕೊರಳು ತಟ್ಟುವಂತೆ ಬಾನೆಟ್ಟನ್ನು ತಟ್ಟಿ, "ಪಾಪ, ಎಷ್ಟು ದೂರದಿಂದ ಬಂದೆ" ಎಂದಿದ್ದಳು. ಎಸ್ಕಿಲ್‌ಗೆ ಮದುವೆಯಾದ ಹೊಸತರಲ್ಲಿ ಕೂಡ ಅವಳು ಅಷ್ಟು ಮೆತ್ತಗೆ ಮಾತಾಡಿದ್ದು ನೆನಪಿರಲಿಲ್ಲ.

ಮುಂದಿನ ಖಾನೆಯಲ್ಲಿ ಒಂದು ಕಾಗದವಿತ್ತು. ಅಮೆರಿಕದ ನೆಬ್ರಾಸ್ಕದ ಲೊರೇನ್ ಎಂಬ ಹೆಂಗಸು ಬರೆದದ್ದು. ಗಾಡಿ ಅವಳ ಅಣ್ಣನದು, ಅವನೀಗ ಇಲ್ಲ, ತಾನು ಓಡಿಸುವುದು ಕಲಿತದ್ದು ಇದರಲ್ಲೇ. ಇದು ಮತ್ತೆ ಓಡಿದಾಗ ಒಂದು ಫೋಟೋ ಕಳಿಸುವಿರಾ? ಮಾಯ್‌ವೋರ್ ನಿಘಂಟು ಹಿಡಿದು ಕೂತು ಅದೇ ವಾರ ಉತ್ತರ ಬರೆದಳು. 'ಓಡುತ್ತದೆ. ಫೋಟೋ ಇದರೊಳಗಿದೆ.' ಲಕೋಟೆಗೆ ವಿಳಾಸವನ್ನೂ ಬರೆದು, ಅಂಚೆಚೀಟಿಯನ್ನೂ ಅಂಟಿಸಿ, ಅದೇ ಖಾನೆಯಲ್ಲಿಟ್ಟಳು. ಫೋಟೋ ಒಂದು ಬಾಕಿ.

ಮರುಬೇಸಿಗೆಗೆ ಗಾಡಿ ಓಡಿತು. ಆದರೆ ಬಲಗಡೆಯ ಬಾಗಿಲಿಗೆ ತುಕ್ಕು ಹತ್ತಿ ಕೆಳಗೆ ಕೈ ತೂರಿಸುವಷ್ಟು ತೂತಾಗಿತ್ತು. ಬೇರೊಂದು ಬಾಗಿಲು ಹುಡುಕಿ ತಂದು, ಬೂದು ಬಣ್ಣದ ಪ್ರೈಮರ್ ಹೊಡೆದು ಕೂರಿಸಿದಳು. ಅದರ ಮೇಲೆ ಹಸಿರು ಹೊಡೆಯಬೇಕು. ಯಾವ ಹಸಿರು? ನೆಬ್ರಾಸ್ಕದ ಬಿಸಿಲು ಅಷ್ಟು ವರ್ಷ ಕಾಯಿಸಿ ಮಾಡಿದ ಹಸಿರು ಯಾವ ಡಬ್ಬಿಯಲ್ಲೂ ಇರಲಿಲ್ಲ. ಅವಳು ಬಣ್ಣ ಬೆರೆಸಿ, ಡಬ್ಬಿಯ ಮುಚ್ಚಳಕ್ಕೆ ಬಳಿದು, ಒಣಗಿಸಿ, ಗಾಡಿಯ ಪಕ್ಕ ಹಿಡಿದು ನೋಡಿ, ಹೊಂದಲಿಲ್ಲವೆಂದು ತಲೆಯಾಡಿಸಿ ಮುಚ್ಚಳವನ್ನು ಕೊಟ್ಟಿಗೆಯ ಗೋಡೆಗೆ ಮೊಳೆ ಹೊಡೆದು ಕೂರಿಸುತ್ತಿದ್ದಳು. ಪಾಚಿ ಹಸಿರು, ಗಿಣಿ ಹಸಿರು, ಬಟಾಣಿ ಹಸಿರು. ಗೋಡೆ ತುಂಬುತ್ತ ಬಂತು.

"ಎಡಗಡೆಯಿಂದ ತೆಗೆಯೋಣ ಫೋಟೋನ," ಎಂದಿದ್ದ ಎಸ್ಕಿಲ್. "ಬಾಗಿಲೇ ಕಾಣಲ್ಲ."

"ಅಂದ್ರೆ ಸುಳ್ಳು ಹೇಳು ಅಂತೀಯಾ?"

"ಗಾಡಿಗೆ ಎರಡು ಮಗ್ಗುಲು. ಒಂದು ತೋರಿಸಿದ್ರೆ ಸುಳ್ಳು ಹೆಂಗಾಗುತ್ತೆ?"

"ಆಕೆ ಗಾಡಿ ತೋರಿಸಿ ಅಂದಿದಾಳೆ. ಅರ್ಧ ಗಾಡಿ ಅಂದಿಲ್ಲ."

ಪ್ರತಿ ಕ್ರಿಸ್ಮಸ್‌ಗೂ ಲೊರೇನಳ ಕಾರ್ಡು ಬರುತ್ತಿತ್ತು. ಒಂದೇ ಸಾಲು: ಓಡುತ್ತಿದೆಯೇ? ಮಾಯ್‌ವೋರ್ ಅದನ್ನು ಗಡಿಯಾರಕ್ಕೆ ಒರಗಿಸಿಟ್ಟು, ದಾಟಿ ಹೋಗುವಾಗಲೆಲ್ಲ ಮೇಷ್ಟರ ಮುಂದೆ ಹೋಗುವ ಮಗುವಿನಂತೆ ಹೋಗುತ್ತಿದ್ದಳು. ಉತ್ತರ ಮಾತ್ರ ಇಲ್ಲ. ಕಳೆದ ಡಿಸೆಂಬರಿನ ಕಾರ್ಡಿನಲ್ಲಿ ಅಕ್ಷರಗಳು ನಡುಗಿದ್ದವು. ಆಗ ಮಾಯ್‌ವೋರ್ ಕೂಡ ಹಾಸಿಗೆ ಹಿಡಿದಿದ್ದಳು.

"ಈ ಬೇಸಿಗೇಲಿ ಬಾಗಿಲು ಮುಗಿಸ್ತೀನಿ," ಎಂದಿದ್ದಳು.

ಅಷ್ಟೂ ಬೇಸಿಗೆ ಎಸ್ಕಿಲ್ ಕೂತದ್ದು ಆ ಬೂದು ಬಾಗಿಲಿನ ಹಿಂದೆ. ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿ, ತಿರುವು ಕಳೆಯುವ ತನಕ ಕಾದು, ಲೋಟವನ್ನು ಎಡಕ್ಕೆ ಚಾಚುತ್ತಿದ್ದ. ಅವಳು ರಸ್ತೆಯಿಂದ ಕಣ್ಣು ತೆಗೆಯದೆ ಕೈ ಚಾಚುತ್ತಿದ್ದಳು. ಒಂದು ತೊಟ್ಟು ಚೆಲ್ಲಿದ್ದಿಲ್ಲ.

*

ಚರ್ಚಿನಲ್ಲಿ ಅರ್ಧಕ್ಕರ್ಧ ಮಂದಿ ಅವಳ ಬಸ್ಸಿನಲ್ಲಿ ಶಾಲೆಗೆ ಹೋದವರು. "ಮಾಯ್‌ವೋರ್ ತಾಳ್ಮೆಗೆ ಹೆಸರಾಗಿದ್ದರು," ಎಂದು ಪಾದ್ರಿ ಶುರುಮಾಡಿದಾಗ ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಪಾದ್ರಿಗೂ ನಗು ಬಂತು. ಹಿಮದುಂಡೆ ಎಸೆದದ್ದಕ್ಕೆ ಅವಳು ಒಂದು ಕಾಲದಲ್ಲಿ ಅವನನ್ನೂ ಬಸ್ಸಿನಿಂದ ಇಳಿಸಿ ನಡೆಸಿದ್ದಳು.

ಹಾಡು ಮುಗಿದ ಮೇಲೆ ಒಬ್ಬೊಬ್ಬರೇ ಎದ್ದು ಪೆಟ್ಟಿಗೆಯ ಮೇಲೆ ಹೂವಿಟ್ಟರು. ತೂರೆ ಹೂವಿಟ್ಟವನು ಅಲ್ಲೇ ನಿಂತುಬಿಟ್ಟ. ಹಿಂದಿನವರು ಕಾದರು. ಮುಂದಿನ ಸಾಲಿನಲ್ಲಿದ್ದ ಎಸ್ಕಿಲ್‌ಗೆ ಅವನ ಗೊಣಗು ಕೇಳಿಸಿತು.

"ಬೈಯಿ. ಎಷ್ಟು ಬೇಕಾದ್ರೂ ಬೈಯಿ. ಆದ್ರೆ ಬ್ಯಾಟರಿ ಚಾರ್ಜ್ ಮಾಡಿರೋದು ಎಸ್ಕಿಲ್ ಕಣೇ, ಎಸ್ಕಿಲ್! ನೀನೇ ಹೇಳು, ನಾನೇನ್ ಮಾಡ್ಲಿ?"

ಆಮೇಲೆ ಅವನು ತನ್ನ ಜಾಗಕ್ಕೆ ಮರಳಲಿಲ್ಲ. ಪಕ್ಕದ ಬಾಗಿಲಿನಿಂದ ಹೊರಟುಹೋದ.

"ಈ ಮುದುಕ ಎಲ್ಲಿಗೆ ಹೋದ?" ಇರ್ಮಾ ಪಿಸುಗುಟ್ಟಿದಳು.

ಎಸ್ಕಿಲ್ ಆ ಬಾಗಿಲ ಕಡೆಯೇ ನೋಡುತ್ತಿದ್ದ. ಕೊಟ್ಟಿಗೆಯ ಕೀಲಿ ಯಾವ ಮೊಳೆಗೆ ನೇತಾಡುತ್ತದೆಂದು ತೂರೆಗೆ ಗೊತ್ತಿತ್ತು.

ಪೆಟ್ಟಿಗೆಯನ್ನು ಶವದ ಗಾಡಿಯೊಳಗೆ ಜಾರಿಸಿ ಹಿಂಬಾಗಿಲು ಮುಚ್ಚುವ ಹೊತ್ತಿಗೆ ಸದ್ದು ಕೇಳಿತು. ಮೊದಲು ದೂರದ ಗುಡುಗಿನಂತೆ, ಆಮೇಲೆ ಎದೆಯೊಳಗೆ. ಅಂಗಳದಲ್ಲಿದ್ದ ಮುದುಕರೆಲ್ಲ ಒಟ್ಟಿಗೆ ತಿರುಗಿದರು. ಹಿಮದ ದಿಬ್ಬಗಳ ನಡುವೆ, ಒದ್ದೆ ರಸ್ತೆಯ ಮೇಲೆ ಹಸಿರು ಪಾಂಟಿಯಾಕ್ ಬರುತ್ತಿತ್ತು. ಒಬ್ಬ ಟೋಪಿ ತೆಗೆದ.

"ಅಯ್ಯೋ ದೇವರೇ, ಉಪ್ಪು!" ಎಂದು ಇನ್ನೊಬ್ಬ ಕಣ್ಣು ಮುಚ್ಚಿಕೊಂಡ.

ಶವದ ಗಾಡಿಯ ಚಾಲಕಿ ಚಿಕ್ಕ ವಯಸ್ಸಿನವಳು. ಎಸ್ಕಿಲ್ ಅವಳ ಬಳಿ ಹೋಗಿ, "ನಾವೂ ಹಿಂದೆ ಬರ್ತೀವಿ. ಸ್ವಲ್ಪ ನಿಧಾನ ಹೋಗ್ತೀಯಾಮ್ಮ?" ಎಂದ.

"ನಾನು ಅವರ ಬಸ್ಸಲ್ಲೇ ಓದೋಕ್ಕೆ ಹೋಗಿದ್ದು," ಎಂದಳು ಅವಳು. "ಅವರನ್ನ ಹಿಂದೆ ಕೂರಿಸ್ಕೊಂಡು ಜೋರಾಗಿ ಹೋಗೋ ಧೈರ್ಯ ನಂಗಿಲ್ಲ."

ಎಸ್ಕಿಲ್ ಬೂದು ಬಾಗಿಲು ತೆರೆದ. ಅವನು ಕೂರುವ ಮೊದಲೇ ಇರ್ಮಾ ಮುಂದಿನ ಸೀಟು ಮಡಚಿ, ಕರಿ ಕೋಟು ಎತ್ತಿ ಹಿಡಿದು, ಹಿಂದಕ್ಕೆ ನುಗ್ಗಿದಳು.

"ನೀನೆಲ್ಲಿಗೆ?" ಎಂದ ತೂರೆ.

"ನನ್ನ ತಂಗಿ ಅವಳು. ಗಾಡಿ ಬಿಡು. ಕೇಕ್ ಒಂದು ಒಣಗುತ್ತಲ್ಲ..."

"ಮೂಲೆವರೆಗೂ ಬೆಣ್ಣೆ ಸವರಿದೀನಿ," ಎಂದ ಎಸ್ಕಿಲ್. "ಕಾಯುತ್ತೆ."

*

ದಾರಿಯುದ್ದಕ್ಕೂ ಶವದ ಗಾಡಿಯ ಚಕ್ರಗಳು ಉಪ್ಪುನೀರನ್ನು ಎತ್ತಿ ಎತ್ತಿ ಪಾಂಟಿಯಾಕಿನ ಮೇಲೆ ಎರಚಿದವು. ಎದುರಿನಿಂದ ಲಾರಿ ಬಂದಾಗಲೆಲ್ಲ ಪಕ್ಕಕ್ಕೂ ಬಡಿಯಿತು. ಬಡಿದಾಗಲೆಲ್ಲ ತೂರೆ ತನಗೇ ಏಟು ಬಿದ್ದಂತೆ ಹೆಗಲು ಕುಗ್ಗಿಸಿದ.

ಕೆರೆಯ ತಿರುವು ಕಳೆದ ಮೇಲೆ ಎಸ್ಕಿಲ್ ಕಾಲಬಳಿಯ ಫ್ಲಾಸ್ಕ್ ತೆಗೆದ. ಕಾಫಿ ಬಗ್ಗಿಸಿ ಲೋಟವನ್ನು ಎಡಕ್ಕೆ ಚಾಚಿದ. ಚಾಚಿದ ಮೇಲೆ ಕೈ ಗಾಳಿಯಲ್ಲೇ ನಿಂತಿತು. ತೂರೆ ರಸ್ತೆಯಿಂದ ಕಣ್ಣು ತೆಗೆಯದೆ ಲೋಟ ತೆಗೆದುಕೊಂಡ. ಅವನ ಮೊಣಕಾಲಿಗೆ ಒಂದಿಷ್ಟು ಚೆಲ್ಲಿತು.

ಚಿತಾಗಾರದ ಗೇಟಿನೊಳಗೆ ಶವದ ಗಾಡಿ ಹೋಯಿತು. ಗೇಟು ಮುಚ್ಚಿಕೊಂಡಿತು. ತೂರೆ ಇಂಜಿನ್ ಆರಿಸಲಿಲ್ಲ. ಅದು ಅಲ್ಲೇ ನಿಂತು ಬಹಳ ಹೊತ್ತು ಗುಡುಗುಡು ಎನ್ನುತ್ತಿತ್ತು, ಮಾತಾಡಬೇಕಾದವರು ಮಾತಾಡಿ ಮುಗಿಸಲಿ ಎಂಬಂತೆ. ಹಿಂದಿನ ಸೀಟಿನಲ್ಲಿ ಇರ್ಮಾ ಮೂಗು ಒರೆಸಿಕೊಂಡಳು. ಆಮೇಲೆ ತೂರೆ ಕೀಲಿ ತಿರುಗಿಸಿ ಆರಿಸಿದ.

ಫೋನು ಹೊಡೆದುಕೊಂಡಿತು. ಇರ್ಮಾ ಕಿವಿಗಿಟ್ಟು ಕೇಳಿ, "ಹುಡುಗರೆಲ್ಲ ಪೆಟ್ರೋಲ್ ಬಂಕಲ್ಲಿ ಬಿಸಿನೀರು ಪೈಪ್ ಹಿಡ್ಕೊಂಡು ನಿಂತಿದಾರಂತೆ. ಒಣಗೋಕ್ಕೆ ಮುಂಚೆ ಬರ್ಬೇಕಂತೆ, ಇಲ್ದಿದ್ರೆ ಉಪ್ಪು ತಿನ್ನುತ್ತಂತೆ," ಎಂದಳು.

"ಹೌದು, ಹೌದು, ಹೊರಡೋಣ," ಎಂದ ತೂರೆ.

ಕಾಲು ಚಾಚಲೆಂದು ಇಳಿದಿದ್ದ ಎಸ್ಕಿಲ್ ಮಾತ್ರ ಅಲುಗಲಿಲ್ಲ. ಗಾಡಿಯ ಬಲಮಗ್ಗುಲಲ್ಲಿ ನಾಲ್ಕು ಹೆಜ್ಜೆ ಹಿಂದೆ ಸರಿದು ನಿಂತಿದ್ದ. ಗಾಳಿಗೆ ಉಪ್ಪು ಒಣಗತೊಡಗಿತ್ತು. ಮುಂದಿನ ದೀಪದಿಂದ ಹಿಂದಿನ ಚಕ್ರದವರೆಗೆ ಇಡೀ ಗಾಡಿ ಬೆಳ್ಳಗೆ, ಸುಣ್ಣ ಬಳಿದಂತೆ ಮುಚ್ಚಿಹೋಗಿತ್ತು. ಹಸಿರು ಎಲ್ಲಿ ನಿಲ್ಲುತ್ತದೆ, ಬೂದು ಎಲ್ಲಿ ಶುರುವಾಗುತ್ತದೆ ಎಂದು ತಿಳಿಯುವಂತಿರಲಿಲ್ಲ. ಬಾಗಿಲು ಮೊದಲ ಸಲ ಗಾಡಿಯದಾಗಿತ್ತು.

"ಇರ್ಮಾ," ಎಂದ. "ನಿನ್ನ ಫೋನಲ್ಲಿ ಒಂದು ಫೋಟೋ ತೆಗಿ."

ತೂರೆ ಇಳಿದು ಸುತ್ತಿ ಬಂದ. ನೋಡಿದ. ಆಮೇಲೆ ನಗುವಿಗೆ ಅವನ ಹೊಟ್ಟೆ ಕುಲುಕಿತು. "ಬಲಗಡೆಯಿಂದಾನೇ ತೆಗೀತಿದೀಯ. ಇನ್ನು ಏನಂತಾಳೆ?"

"ಏನಾದ್ರೂ ಅಂತಾಳೆ ಬಿಡು," ಎಂದಳು ಇರ್ಮಾ ಕಣ್ಣು ಕಿರಿದು ಮಾಡಿ ಫೋನು ಹಿಡಿಯುತ್ತ. "ಇಬ್ರೂ ಪಕ್ಕಕ್ಕೆ ಸರೀರಿ. ಗಾಡಿ ಮಾತ್ರ."

ಬಂಕಿಗೆ ಹೋಗುವ ಮೊದಲು ಪಟ್ಟಣದ ಚೌಕದ ಅಂಗಡಿಯಲ್ಲಿ ಫೋಟೋ ಅಚ್ಚಾಗಿ ಬಂತು. ಎಸ್ಕಿಲ್ ಗಾಡಿಯ ಖಾನೆಯಿಂದ ಆ ಲಕೋಟೆ ತಂದ. ಅಂಚು ಹಳದಿಗಟ್ಟಿತ್ತು, ಹಳೆಯ ಚೀಟಿಯ ಬೆಲೆ ಈಗಿನ ಅಂಚೆಗೆ ಸಾಲುತ್ತಿರಲಿಲ್ಲ. ಅಂಗಡಿಯವಳು ಪಕ್ಕದಲ್ಲಿ ಇನ್ನೆರಡು ಅಂಟಿಸಿಕೊಟ್ಟಳು. ಅವನು ಫೋಟೋವನ್ನು ಒಳಗೆ ಸೇರಿಸಿದವನು ಮತ್ತೆ ಹೊರಗೆ ತೆಗೆದ. ಪೆನ್ನು ಕೇಳಿ ಪಡೆದು, ಬೆನ್ನಿಗೆ ತನ್ನ ಭಾಷೆಯಲ್ಲೇ, ಬೇಕರಿಯ ಅಕ್ಷರದಲ್ಲಿ ದಪ್ಪಗೆ ಬರೆದ. 'ಬಿಳಿಯದೆಲ್ಲ ಉಪ್ಪು. ಅದರ ಕೆಳಗೆ ಈ ಬಾಗಿಲು ಬೂದು.'

"ಅದ್ಯಾಕೋ?" ಎಂದ ತೂರೆ. "ಚೆನ್ನಾಗಿ ಕಾಣ್ತಿತ್ತಲ್ಲ!"

"ಮಾಯ್‌ವೋರ್ ಕೇಳ್ತಾಳೆ," ಎಂದ ಎಸ್ಕಿಲ್.

ಹೊರಗೆ ಹಳದಿ ಅಂಚೆಪೆಟ್ಟಿಗೆಯ ಬಾಯಲ್ಲಿ ಲಕೋಟೆ ಅರ್ಧ ಹೋಗಿ ನಿಂತಿತು. ಗಾಡಿಯ ಬಾಗಿಲು ಹಿಡಿದಿದ್ದ ಅವನ ಹೆಬ್ಬೆರಳು ಮೂಲೆಯಲ್ಲಿ ಒಂದು ಬಿಳಿ ಗುರುತು ಬಿಟ್ಟಿತ್ತು. ಒರೆಸಲು ಹೋದ, ಇನ್ನಷ್ಟು ಹರಡಿತು. ಆ ಉಪ್ಪಿನ ಸಮೇತ ಅದನ್ನು ಒಳಗೆ ತಳ್ಳಿದ.